ಅನಧ್ಯಾಯದ ವೆಚ್ಚ

ಶಾಲೆಯ ಬಾಗಿಲು ಮುಚ್ಚಿದ ದಿನ ಬಾಲಕನ ಭಾರವು ಯಾರ ಮೇಲೆ ಬೀಳುವುದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾದುದೆಂದು ತೋರುವುದು. ರಜೆಯೆಂದರೆ ಮಕ್ಕಳಿಗೆ ಹರ್ಷ, ಉಪಾಧ್ಯಾಯರಿಗೆ ವಿಶ್ರಾಂತಿ, ಮನೆಯವರಿಗೆ ಸ್ವಲ್ಪ ಗದ್ದಲ. ಇದರಲ್ಲಿ ಚರಿತ್ರೆಯು ವಿಚಾರಿಸತಕ್ಕದ್ದೇನಿದೆ ಎಂದು ಕೆಲವರು ಕೇಳಬಹುದು. ಆದರೆ ಪ್ರಯಾಣವಿಲ್ಲದೆ, ಬಾಡಿಗೆಯಿಲ್ಲದೆ, ಮನೆಯಲ್ಲಿಯೇ ಕಳೆದುಹೋಗುವ ರಜೆಗೂ ಒಂದು ವೆಚ್ಚವುಂಟು. ಅದು ಗೃಹಸ್ಥನ ಜಮಾಖರ್ಚಿನ ಪುಸ್ತಕದಲ್ಲಿ ಕಾಣುವುದಿಲ್ಲ. ಅಡಿಗೆಯ ಮನೆಯಲ್ಲಿ ಕಾಣುವುದು. ಆ ವೆಚ್ಚವನ್ನು ಒಂದು ಕಾಲದಲ್ಲಿ ಗುರುವು ಹೊತ್ತನು. ಒಂದು ಕಾಲದಲ್ಲಿ ಗ್ರಾಮವು ಹೊತ್ತಿತು. ಮತ್ತೊಂದು ಕಾಲದಲ್ಲಿ ಅಜ್ಜಿಯ ಮನೆಯು ಹೊತ್ತಿತು. ಈಗ ಹೊರುತ್ತಿರುವವರು ಯಾರೆಂಬುದನ್ನು ತಿಳಿಯಬೇಕಾದರೆ ವಿಷಯವನ್ನು ಮೊದಲಿನಿಂದ ನೋಡಿಕೊಂಡು ಬರುವುದು ಯುಕ್ತ.

ಪ್ರಾಚೀನರು ಪಾಠವಿಲ್ಲದ ದಿನವನ್ನು ಅನಧ್ಯಾಯವೆಂದು ಕರೆದರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇದರ ವಿಧಿಗಳು ವಿಸ್ತಾರವಾಗಿವೆ. ಶ್ರಾವಣ ಅಥವಾ ಭಾದ್ರಪದ ಪೂರ್ಣಿಮೆಯಲ್ಲಿ ಉಪಾಕರ್ಮದಿಂದ ವೇದಾಧ್ಯಯನವನ್ನು ಆರಂಭಿಸಿ, ನಾಲ್ಕೂವರೆ ತಿಂಗಳು ನಡೆಸಿ, ಪುಷ್ಯ ಅಥವಾ ಮಾಘದಲ್ಲಿ ಉತ್ಸರ್ಜನೆಯನ್ನು ಮಾಡತಕ್ಕದ್ದು. ಅಲ್ಲಿಂದ ಮುಂದೆ ಶುಕ್ಲಪಕ್ಷದಲ್ಲಿ ವೇದವನ್ನೂ ಕೃಷ್ಣಪಕ್ಷದಲ್ಲಿ ವೇದಾಂಗಗಳನ್ನೂ ಓದತಕ್ಕದ್ದು. ಇದರಿಂದ ಗ್ರೀಷ್ಮ ಋತುವಿನಲ್ಲಿ ತಿಂಗಳುಗಟ್ಟಲೆ ಪಾಠವನ್ನು ನಿಲ್ಲಿಸುವ ಪದ್ಧತಿಯು ಅಂದು ಇರಲಿಲ್ಲವೆಂಬುದು ಸ್ಪಷ್ಟವಾಗುವುದು. ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಪೂರ್ಣಿಮೆಗಳಲ್ಲಿಯೂ, ಆಚಾರದಿಂದ ಪಾಡ್ಯದಲ್ಲಿಯೂ ಅಧ್ಯಯನವು ವರ್ಜ್ಯ. ಪಾಡ್ಯದ ದಿನ ಓದಿದ ವಿದ್ಯೆಯು ಕ್ಷೀಣಿಸುವುದೆಂಬ ನಂಬಿಕೆಯು ಎಷ್ಟು ಪ್ರಸಿದ್ಧವಾಗಿದ್ದಿತೆಂದರೆ, ರಾಮಾಯಣದ ಸುಂದರಕಾಂಡದಲ್ಲಿ ಸೀತಾದೇವಿಯ ಕೃಶತೆಗೆ ಅದೇ ಉಪಮಾನವಾಗಿ ಬಂದಿದೆ.

ತಿಥಿಗಳಲ್ಲದೆ ತಾತ್ಕಾಲಿಕವಾದ ಅನಧ್ಯಾಯಗಳೂ ಉಂಟು. ಯಾಜ್ಞವಲ್ಕ್ಯಸ್ಮೃತಿಯು ಇಂಥವನ್ನು 37 ಎಂದು ಎಣಿಸುವುದು. ನಾಯಿ ನರಿಗಳು ಕೂಗಿದರೆ, ಧೂಳಿನ ಗಾಳಿ ಬೀಸಿದರೆ, ದುರ್ಗಂಧ ಬಂದರೆ ಪಾಠವು ನಿಲ್ಲುವುದು. ಇವುಗಳ ಮಧ್ಯೆ ಗಮನಿಸತಕ್ಕ ಎರಡು ಕಾರಣಗಳಿವೆ. ಶಿಷ್ಟನಾದ ಅತಿಥಿಯು ಮನೆಗೆ ಬಂದಾಗ ಪಾಠವಿಲ್ಲ. ಆರ್ತರ ಕೂಗು ಕಿವಿಗೆ ಬಿದ್ದಾಗಲೂ ಪಾಠವಿಲ್ಲ. ಅಂದರೆ ಆ ಕಾಲದಲ್ಲಿ ರಜೆ ಬಂದಿತೆಂದು ಅತಿಥಿಗಳು ಬರುತ್ತಿರಲಿಲ್ಲ. ಅತಿಥಿಯು ಬಂದನೆಂದು ರಜೆಯು ಬರುತ್ತಿದ್ದಿತು. ಓದಿಗಿಂತ ಸತ್ಕಾರವೂ ಅನುಕಂಪವೂ ಮೊದಲೆಂಬುದು ಸ್ಮೃತಿಕಾರರ ಆಶಯವೆಂದು ಇದರಿಂದ ಊಹಿಸಬಹುದು.

ಅಂಥ ದಿನಗಳಲ್ಲಿ ಶಿಷ್ಯನ ಅನ್ನಕ್ಕೆ ಏನು ಗತಿ? ಶಿಷ್ಯನು ವಾಸಮಾಡುತ್ತಿದ್ದುದು ಗುರುವಿನ ಮನೆಯಲ್ಲಿ. ಉಣ್ಣುತ್ತಿದ್ದುದು ಊರಿನ ಭಿಕ್ಷೆಯಿಂದ. ಅನಧ್ಯಾಯದ ದಿನವೂ ಅವನು ಅಲ್ಲಿಯೇ ಇರುತ್ತಿದ್ದನು, ಉಣ್ಣುತ್ತಿದ್ದನು. ಸ್ಮೃತಿಕಾರರು ನಿಲ್ಲಿಸಿದುದು ಅಧ್ಯಯನವನ್ನು, ಅನ್ನವನ್ನಲ್ಲ.

ಈ ಭಾರವನ್ನು ಸಮಾಜವು ಹೇಗೆ ಹಂಚಿಕೊಂಡಿತೆಂಬುದಕ್ಕೆ ಕರ್ನಾಟಕದಲ್ಲಿಯೇ ಶಿಲಾಸಾಕ್ಷಿಯುಂಟು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ಅಲ್ಲಿಯ ಕಂಬದ ಶಾಸನವು ಕ್ರಿಸ್ತಶಕ 945ನೆಯ ವರ್ಷದ್ದು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ 27 ಮನೆಗಳಿದ್ದವು. ದೀಪದ ಎಣ್ಣೆಗಾಗಿಯೇ 12 ನಿವರ್ತನ ಭೂಮಿಯು ದತ್ತವಾಗಿದ್ದಿತು. ಇಷ್ಟಲ್ಲದೆ ಊರಿನವರು ಪ್ರತಿಯೊಂದು ವಿವಾಹದಲ್ಲಿ ಐದು ನಾಣ್ಯಗಳನ್ನೂ, ಉಪನಯನದಲ್ಲಿ ಅದರ ಅರ್ಧವನ್ನೂ, ಚೌಲದಲ್ಲಿ ಅದರ ಅರ್ಧವನ್ನೂ ಶಾಲೆಗೆ ಸಲ್ಲಿಸತಕ್ಕದ್ದೆಂದೂ, ಔತಣವನ್ನು ಮಾಡಿದವರು ಯಥಾಶಕ್ತಿ ವಿದ್ವತ್ಪರಿಷತ್ತಿಗೆ ಭೋಜನವನ್ನು ಮಾಡಿಸತಕ್ಕದ್ದೆಂದೂ ವಿಧಿಯಿದೆ. ಪರಸ್ಥಳದ ಬಾಲಕನ ಊಟವು ಊರಿನ ಮದುವೆಯ ಖರ್ಚಿನ ಒಂದು ಅಂಗವಾಗಿದ್ದಿತೆಂಬುದು ಇದರ ತಾತ್ಪರ್ಯ.

ಆದರೆ ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಎಲ್ಲೆಯನ್ನು ಮರೆಯಬಾರದು. ಆ 27 ಮನೆಗಳು ದ್ವಿಜಬಾಲಕರಿಗೆ ಮೀಸಲು. ಊರಿನ ಒಕ್ಕಲುಮಗನಿಗೆ, ಕುಂಬಾರ ಕಮ್ಮಾರರ ಮಕ್ಕಳಿಗೆ, ಊರಾಚೆಯ ಕೇರಿಯವರಿಗೆ, ಯಾವ ಮನೆಯ ಹೆಣ್ಣುಮಗುವಿಗೂ ಅಲ್ಲಿ ಸ್ಥಳವಿರಲಿಲ್ಲ. ಅಧ್ಯಯನವೇ ಇಲ್ಲದವರಿಗೆ ಅನಧ್ಯಾಯವೆಲ್ಲಿಯದು? ಅವರಿಗೆ ವರ್ಷದ ಎಲ್ಲ ದಿನಗಳೂ ಕೆಲಸದ ದಿನಗಳೇ ಆಗಿದ್ದವು.

ಗ್ರಾಮದ ಶಾಲೆಗಳ ಸ್ಥಿತಿಯು ಅಂಕೆಗಳಲ್ಲಿ ತಿಳಿದುಬರುವುದು 19ನೆಯ ಶತಮಾನದಲ್ಲಿ. ಮದರಾಸಿನ ಗವರ್ನರನಾದ ಸರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಗಣತಿಗೆ ಆಜ್ಞೆಮಾಡಿದನು. ಬಳ್ಳಾರಿಯ ಕಲೆಕ್ಟರನಾದ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯಂತೆ, 9,27,857 ಜನಸಂಖ್ಯೆಯುಳ್ಳ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವುಗಳಲ್ಲಿ ಕನ್ನಡದ ಶಾಲೆಗಳು 235. ಹೆಣ್ಣುಮಕ್ಕಳು 60 ಮಂದಿ ಮಾತ್ರ. ವಿದ್ಯಾರ್ಥಿಯೊಬ್ಬನು ಕೊಡುತ್ತಿದ್ದುದು ತಿಂಗಳಿಗೆ ಕಾಲು ರೂಪಾಯಿಯಿಂದ ಅರ್ಧ ರೂಪಾಯಿಯವರೆಗೆ. ಉಪಾಧ್ಯಾಯನಿಗೆ ಒಟ್ಟು ದೊರೆಯುತ್ತಿದ್ದುದು ಆರೇಳು ರೂಪಾಯಿ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರು ಕೆಟ್ಟರೆಂದೂ, ದೇಶವು ಬಡವಾಗುತ್ತಿರುವುದರಿಂದ ತಂದೆತಾಯಿಗಳು ವಿದ್ಯೆಯ ಖರ್ಚನ್ನು ಭರಿಸಲಾರದೆ, ಕೈಕಾಲು ಬಲಿಯುವ ಮೊದಲೇ ಮಕ್ಕಳನ್ನು ಕೆಲಸಕ್ಕೆ ಹಚ್ಚುತ್ತಿರುವರೆಂದೂ ಆ ಅಧಿಕಾರಿಯೇ ಖೇದದಿಂದ ಬರೆದಿರುವನು. ಶಾಲೆಗೆ ಕಳುಹಿಸುವ ವೆಚ್ಚವು ಕಾಲು ರೂಪಾಯಿಯಲ್ಲಿ ಮುಗಿಯುತ್ತಿರಲಿಲ್ಲ. ಆ ಬಾಲಕನು ಹೊಲದಲ್ಲಿ ಮಾಡಬಹುದಾಗಿದ್ದ ಕೆಲಸವೂ ಅದಕ್ಕೆ ಸೇರುತ್ತಿದ್ದಿತು. ಸುಗ್ಗಿಯಲ್ಲಿ ಶಾಲೆ ಬಿಟ್ಟ ಹುಡುಗನು ಆಟಕ್ಕೆ ಹೋಗಲಿಲ್ಲ, ಕಣಕ್ಕೆ ಹೋದನು.

ಕೂಲಿಮಠಗಳೆಂದು ಹೆಸರಾದ ಆ ಶಾಲೆಗಳಲ್ಲಿ ಮಹಾನವಮಿಯ ಬಿಡುವು ವಿಶಿಷ್ಟವಾದುದು. ಆ ದಿನಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುವುದು ನಿಲ್ಲುತ್ತಿದ್ದಿತು. ಅಯ್ಯಗಳು ಮಕ್ಕಳನ್ನು ಅಲಂಕರಿಸಿಕೊಂಡು, ಚೌಪದಗಳನ್ನು ಹಾಡಿಸುತ್ತ, ಮನೆಮನೆಗೆ ಹೋಗುತ್ತಿದ್ದರು. ಗೃಹಸ್ಥರು ಅಯ್ಯಗಳಿಗೆ ದುಡ್ಡನ್ನೋ ಧಾನ್ಯವನ್ನೋ ಕೊಟ್ಟು, ಮಕ್ಕಳ ಕೈಗೆ ತಿಂಡಿಯನ್ನು ಹಾಕುತ್ತಿದ್ದರು. ಸಾಲೋಟಗಿಯ ಶಾಸನದಲ್ಲಿ ವಿಧಿಯಾಗಿದ್ದುದು ಇಲ್ಲಿ ಹಬ್ಬದ ಸಂತೋಷವಾಗಿ ಉಳಿದಿದ್ದಿತು. ಪಾಠವಿಲ್ಲದ ದಿನಗಳಲ್ಲಿ ಉಪಾಧ್ಯಾಯನ ಜೀವನವೂ ಮಕ್ಕಳ ಉಲ್ಲಾಸವೂ ಇಡೀ ಊರಿಗೆ ಸೇರಿದ ಹೊಣೆಯೆಂದು ಜನರು ಭಾವಿಸಿದ್ದರು.

ಸರ್ಕಾರದ ಮತ್ತು ಮಿಷನ್ನಿನ ಶಾಲೆಗಳು ಹಬ್ಬಿದಂತೆಲ್ಲ ತಿಥಿಯ ಸ್ಥಾನಕ್ಕೆ ವಾರವು ಬಂದಿತು. ಅಷ್ಟಮಿ ಚತುರ್ದಶಿಗಳು ಸಂಸ್ಕೃತ ಪಾಠಶಾಲೆಗಳಲ್ಲಿ ಮಾತ್ರ ಉಳಿದು, ಮಿಕ್ಕೆಡೆಗಳಲ್ಲಿ ಭಾನುವಾರವು ರಜೆಯಾಯಿತು. ಅದರೊಡನೆ ಬೇಸಗೆಯ ದೀರ್ಘವಾದ ಬಿಡುವೂ ಬಂದಿತು. ಬಿಸಿಲನ್ನು ತಾಳಲಾರದ ಆಳರಸರು ತಮಗೂ ಅಂಥ ಏರ್ಪಾಡನ್ನು ಮಾಡಿಕೊಂಡರು: ಭಾರತ ಸರ್ಕಾರವು 1864ರಿಂದ ಬೇಸಗೆಯಲ್ಲಿ ಸಿಮ್ಲಾಕ್ಕೂ, ಮದರಾಸಿನ ಸರ್ಕಾರವು 1870ರಿಂದ ಉದಕಮಂಡಲಕ್ಕೂ ಏರತೊಡಗಿದವು. ಆಳುವವರು ಬೆಟ್ಟಕ್ಕೆ ಹೋದರು. ಪ್ರಜೆಗಳ ಮಕ್ಕಳು ಅಜ್ಜಿಯ ಮನೆಗೆ ಹೋದರು. 1882ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ರೈಲು ಓಡಿದ ಮೇಲೆ, ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ತವರಿನ ಹಾದಿಯು ಅನೇಕರಿಗೆ ಒಂದು ಹೊತ್ತಿನ ಪ್ರಯಾಣವಾಯಿತು.

ಅಜ್ಜಿಯ ಮನೆಯ ರಜೆಯು ಖರ್ಚಿಲ್ಲದ ರಜೆಯೆಂಬ ಮಾತು ರೂಢಿಯಲ್ಲಿದೆ. ಅದು ಅರ್ಧ ಸತ್ಯ. ಖರ್ಚು ಇಲ್ಲದಿದ್ದುದು ಮಕ್ಕಳ ತಂದೆಗೆ. ಹತ್ತು ಹನ್ನೆರಡು ಮೊಮ್ಮಕ್ಕಳು ಕೂಡಿದ ಮನೆಯಲ್ಲಿ ರಾಗಿಯ ಗುಡಾಣವು ಬೇಗನೆ ಬರಿದಾಗುತ್ತಿದ್ದಿತು. ಬಾವಿಯ ನೀರು ಪಾತಾಳಕ್ಕಿಳಿದ ಚೈತ್ರ ವೈಶಾಖಗಳಲ್ಲಿಯೇ ಸ್ನಾನಕ್ಕೂ ಪಾನಕ್ಕೂ ಹೆಚ್ಚು ಕೊಡಗಳನ್ನು ಸೇದಬೇಕಾಗುತ್ತಿದ್ದಿತು. ಮುಂಜಾನೆ ಹಿಟ್ಟು ಬೇಯಿಸಿ ಸಂಡಿಗೆಯನ್ನು ಇಡುವುದು, ಹಪ್ಪಳವನ್ನು ಒತ್ತುವುದು, ಮಾವಿನಕಾಯಿಯ ಉಪ್ಪಿನಕಾಯಿಯನ್ನು ಜಾಡಿಗೆ ತುಂಬುವುದು—ಇವೆಲ್ಲ ಅದೇ ಋತುವಿನ ಕೆಲಸಗಳು. ಮಕ್ಕಳು ಕಾಗೆಯನ್ನು ಕಾಯುವ ನೆಪದಲ್ಲಿ ಹಸಿ ಸಂಡಿಗೆಯನ್ನು ತಿನ್ನುತ್ತಿದ್ದರೆಂಬುದನ್ನು ಹಿರಿಯರು ನಗುತ್ತ ಸ್ಮರಿಸುವರು. ಒಲೆಯ ಮುಂದೆ ಬೆವರುತ್ತಿದ್ದ ಅಜ್ಜಿ, ಅತ್ತೆ, ಸೋದರಮಾವನ ಹೆಂಡತಿ ಇವರನ್ನು ಸ್ಮರಿಸುವವರು ವಿರಳ. ತವರಿಗೆ ಬಂದ ಮಗಳಿಗೆ ಅದು ವಿಶ್ರಾಂತಿ. ಆ ಮನೆಯ ಸೊಸೆಗೆ ಅದೇ ಇಮ್ಮಡಿಯ ದುಡಿಮೆ. ಗಂಡಸರು ರಜೆಯೆಂದು ಕರೆದ ದಿನಗಳಲ್ಲಿ ಹೆಂಗಸರಿಗೆ ಅನಧ್ಯಾಯವಿರಲಿಲ್ಲ.

ಕೂಡುಕುಟುಂಬಗಳು ಒಡೆದು, ನಗರಗಳು ಬೆಳೆದ ಮೇಲೆ ಈ ಭಾರವು ಒಂದೊಂದು ಚಿಕ್ಕ ಮನೆಯ ಮೇಲೆ ಬಿದ್ದಿದೆ. ಉಳ್ಳವರು ಬೇಸಗೆಯ ಶಿಬಿರಗಳಿಗೆ ಹಣ ಕಟ್ಟಿ ನಿಶ್ಚಿಂತರಾಗುವರು. ಕೂಲಿಯಿಂದ ಜೀವಿಸುವ ತಾಯಿಗೆ ಆ ದಾರಿಯಿಲ್ಲ. ಅವಳು ಮಗುವನ್ನು ಕೆಲಸದ ಸ್ಥಳಕ್ಕೆ ಕರೆದೊಯ್ಯಬೇಕು, ಇಲ್ಲವೆ ಹಿರಿಯ ಮಗಳ ವಶಕ್ಕೆ ಬಿಟ್ಟುಹೋಗಬೇಕು. ಆ ಹಿರಿಯ ಮಗಳೂ ಶಾಲೆಯ ಬಾಲಿಕೆಯೇ. ಅವಳ ರಜೆಯು ತಮ್ಮ ತಂಗಿಯರ ಪಾಲನೆಯಲ್ಲಿ ಕಳೆದುಹೋಗುವುದು.

ಇದಕ್ಕಿಂತ ಗುರುತರವಾದುದು ಅನ್ನದ ವಿಚಾರ. 1995ರ ಆಗಸ್ಟ್ 15ರಂದು ಶಾಲೆಯ ಮಕ್ಕಳಿಗೆ ಆಹಾರವನ್ನು ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. ಆದರೆ ಬಹುಕಡೆ ದೊರೆಯುತ್ತಿದ್ದುದು ಬೇಯಿಸದ ಧಾನ್ಯ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ವರ್ಷಕ್ಕೆ ಕನಿಷ್ಠ 200 ದಿನಗಳು ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವು ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ದಾಸೋಹವೆಂಬ ಶರಣರ ಮಾತು ಅಕ್ಷರಕ್ಕೆ ಜೊತೆಯಾದುದು ಉಚಿತವೇ ಸರಿ. ಸಾಲೋಟಗಿಯಲ್ಲಿ ಕೆಲವರಿಗೆ ಮಾತ್ರ ದೊರೆತುದು ಇಲ್ಲಿ ಯಾವ ಜಾತಿಯ, ಯಾವ ಕೇರಿಯ ಮಗುವಿಗೂ ಒಂದೇ ಪಂಕ್ತಿಯಲ್ಲಿ ದೊರೆಯಿತು. ಈ ಶತಮಾನದ ವಿದ್ಯಾಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡದಾದ ಕಾರ್ಯವನ್ನು ಹೆಸರಿಸುವುದು ಕಷ್ಟ.

ಆದರೆ ವರ್ಷಕ್ಕೆ ದಿನಗಳು 365. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಮಧ್ಯಾಹ್ನದ ಊಟವನ್ನು ಮಕ್ಕಳ ಹಕ್ಕೆಂದು ಸಾರುವಾಗಲೇ, ಶಾಲೆಯ ರಜೆಯ ದಿನಗಳನ್ನು ಹೊರತುಪಡಿಸಿದೆ. ಇದರ ಅರ್ಥವನ್ನು ಲೆಕ್ಕದಿಂದ ತಿಳಿಯುವುದು ಉತ್ತಮ. 2024ರಲ್ಲಿ ಕರ್ನಾಟಕದ ಬೇಸಗೆಯ ರಜೆಯು ಏಪ್ರಿಲ್ 11ರಿಂದ ಮೇ 28ರವರೆಗೆ, 48 ದಿನ. ಅದರಲ್ಲಿ ಏಳು ಭಾನುವಾರಗಳನ್ನು ಕಳೆದರೆ 41 ದಿನ. ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯವೆಂಬುದು ಈ ಊಟದ ಪ್ರಮಾಣ. ಬೇಳೆಯು ಕ್ರಮವಾಗಿ 20 ಮತ್ತು 30 ಗ್ರಾಂ. ತರಕಾರಿಯು 50 ಮತ್ತು 75 ಗ್ರಾಂ. ಇಂಥ ಇಬ್ಬರು ಮಕ್ಕಳಿರುವ ಒಂದು ಮನೆಗೆ ಆ ರಜೆಯಲ್ಲಿ ಶಾಲೆಯಿಂದ ಬಾರದೆ ಹೋಗುವುದು ಹತ್ತೂಕಾಲು ಕಿಲೋ ಧಾನ್ಯ, ಎರಡು ಕಿಲೋ ಬೇಳೆ, ಐದು ಕಿಲೋ ತರಕಾರಿ, ಮತ್ತು 41 ದಿನಗಳ ಬಿಸಿ ಅಡಿಗೆ. ವಾಚಕರಲ್ಲಿ ಅನೇಕರ ಮನೆಗೆ ಇದು ಲಕ್ಷ್ಯಕ್ಕೆ ಬಾರದ ಮೊತ್ತ. ಹೊಲಗಳಲ್ಲಿ ಕೂಲಿ ದೊರೆಯದ ಬೇಸಗೆಯ ತಿಂಗಳುಗಳಲ್ಲಿ ಬಡವರ ಮನೆಗೆ ಇದು ಸಾಲಕ್ಕೆ ಮೂಲ. ಅಕ್ಕಿಯು ಪಡಿತರದಿಂದ ಬಂದರೂ ಬೇಳೆ ತರಕಾರಿಗಳಿಗೆ ಹಣವೇ ಬೇಕು. ಬೇಯಿಸಲು ತಾಯಿಯು ಮನೆಯಲ್ಲಿರಬೇಕು.

ನ್ಯಾಯಾಲಯವೂ ಸರ್ಕಾರವೂ ಇದನ್ನು ಅರಿಯದೆ ಇಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಗೆಯ ರಜೆಯಲ್ಲಿಯೂ ಊಟವನ್ನು ಕೊಡತಕ್ಕದ್ದೆಂದು 2004ರ ಏಪ್ರಿಲ್ 20ರಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುದರಿಂದ, 2024ರ ಬೇಸಗೆಯ ರಜೆಯಲ್ಲಿ ಅಂಥ ತಾಲ್ಲೂಕುಗಳ ಶಾಲೆಗಳಲ್ಲಿ ಒಲೆಗಳು ಉರಿದವು. ಇದು ಸ್ತುತ್ಯವಾದುದು. ಆದರೆ ಮಳೆ ಬಂದ ವರ್ಷವೂ ಕೆಲವು ಮನೆಗಳಲ್ಲಿ ಬರವಿರುವುದು. ತಾಲ್ಲೂಕಿನ ಪಟ್ಟಿಯು ಆ ಮನೆಗಳನ್ನು ಎಣಿಸುವುದಿಲ್ಲ.

ಬೇಸಗೆಯು ಮದುವೆ ಮುಂಜಿಗಳ ಕಾಲ. ಒಂದು ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನ ಒಂದು ಊರು ಪ್ರತಿಯೊಂದು ಮದುವೆಯಲ್ಲಿಯೂ ವಿದ್ಯಾರ್ಥಿಗಳ ಪಾಲನ್ನು ತೆಗೆದಿಟ್ಟಿತು. ಆ ಪಾಲನ್ನು ಇಂದು ವಿದ್ಯಾವಂತರು ತಮ್ಮ ಊರಿನ ಶಾಲೆಯ ಹೆಸರಿನಲ್ಲಿ ತೆಗೆದಿಟ್ಟು, ಜಾತಿಯ ಎಲ್ಲೆಯನ್ನು ಮಾತ್ರ ಬಿಟ್ಟರೆ, 41 ದಿನಗಳ ಒಂದು ಹೊತ್ತಿನ ಊಟವು ಅಸಾಧ್ಯವಾದುದಲ್ಲ. ಆರ್ತರ ಕೂಗು ಕೇಳಿಸಿದಾಗ ಓದನ್ನು ನಿಲ್ಲಿಸಿ ಎದ್ದುನಿಲ್ಲಬೇಕೆಂಬುದು ಪ್ರಾಚೀನರ ವಿಧಿ. ಹಸಿದ ಮಗುವು ಗಟ್ಟಿಯಾಗಿ ಕೂಗುವುದಿಲ್ಲವಾದುದರಿಂದ, ಆ ಸ್ವರವನ್ನು ಕೇಳಿಸಿಕೊಳ್ಳುವ ಅಭ್ಯಾಸವನ್ನು ಓದಿದವರೇ ಮಾಡಿಕೊಳ್ಳಬೇಕಾಗಿದೆ.