ಕಡಲಕುದುರೆ ಮತ್ತು ಮನೆಯ ಉಪ್ಪುನೀರಿನ ಅಕ್ವೇರಿಯಂ: ಒಳನಾಡಿನ ರೈತರಿಗೆ ಮಾಹಿತಿ

ಹಳೇಬೀಡಿನ ದೇವಾಲಯದ ಹೊರಗೋಡೆಯ ಕೆತ್ತನೆಯ ಪಟ್ಟಿಗಳಲ್ಲಿ ಕುದುರೆಗಳ ಸಾಲೊಂದು, ಮಕರಗಳ ಸಾಲೊಂದು ಇವೆ. ಕುದುರೆಯ ತಲೆ, ಕೋತಿಯಂತೆ ಸುತ್ತಿಕೊಳ್ಳುವ ಬಾಲ ಎರಡನ್ನೂ ಒಂದೇ ದೇಹದಲ್ಲಿ ಹೊತ್ತ ಕಡಲಕುದುರೆಯನ್ನು ಆ ಶಿಲ್ಪಿಗಳು ಕಂಡಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದರೇನೋ. ಇಂದು ಮೊಬೈಲಿನ ವಿಡಿಯೊಗಳಲ್ಲಿ ಈ ಮೀನನ್ನು ಕಂಡು, ಮನೆಯಲ್ಲಿ ಸಾಕಬಹುದೇ, ಮರಿ ಮಾಡಿ ಮಾರಬಹುದೇ ಎಂದು ಹುಲಿಕೆರೆ, ಬೇಲೂರು, ಅರಸೀಕೆರೆಯಂತಹ ಒಳನಾಡಿನಲ್ಲಿಯೂ ಯುವ ರೈತರಿಗೆ ಕುತೂಹಲ ಮೂಡುವುದು ಸಹಜ. ಆದ್ದರಿಂದ ಮೊದಲ ಮಾತನ್ನು ಮೊದಲೇ ಹೇಳುವುದು ಉಚಿತ: ಭಾರತದಲ್ಲಿ ಖಾಸಗಿ ವ್ಯಕ್ತಿಗಳು ಕಡಲಕುದುರೆಯನ್ನು ಹಿಡಿಯುವುದು, ಕೊಳ್ಳುವುದು, ಮಾರುವುದು ಅಪರಾಧ. ಉಪ್ಪುನೀರಿನ ಅಕ್ವೇರಿಯಂ ಇಡುವುದು ಅಪರಾಧವಲ್ಲ. ಅದರಲ್ಲಿ ಯಾವ ಜೀವಿಯನ್ನು ಬಿಡುತ್ತೀರಿ ಎಂಬುದೇ ಮುಖ್ಯ.

ಕಾನೂನು ಏನು ಹೇಳುತ್ತದೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅನುಸೂಚಿಗೆ 2001ರಲ್ಲಿ ಕಡಲಕುದುರೆ ಹಾಗೂ ಅದರ ಕುಲದ ಕೊಳವೆ ಮೀನುಗಳನ್ನು ಸೇರಿಸಲಾಯಿತು. ಟ್ರಾಲ್ ಬಲೆಗಳಲ್ಲಿ ಇತರ ಮೀನುಗಳೊಂದಿಗೆ ಸಿಕ್ಕಿಬೀಳುವ ಈ ಜೀವಿಯನ್ನು ಒಣಗಿಸಿ, ಪೂರ್ವ ಏಷ್ಯಾದ ಸಾಂಪ್ರದಾಯಿಕ ಔಷಧಿಗಳಿಗಾಗಿ ಸಾಗಿಸುವ ವ್ಯಾಪಾರವೇ ಇದಕ್ಕೆ ದೊಡ್ಡ ಕಾರಣ. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯ ನಿಯಂತ್ರಣವು 2004ರ ಮೇ ತಿಂಗಳಿನಿಂದ ಎಲ್ಲ ಕಡಲಕುದುರೆಗಳಿಗೆ ಅನ್ವಯವಾಗಿದೆ. ಸಂಶೋಧನಾ ಸಂಸ್ಥೆಗಳು ಇವನ್ನು ತಳಿಮಾಡಿರುವುದು ನಿಜ. ಆದರೆ ಅದನ್ನು ನೋಡಿ ರೈತರಿಗೂ ಅವಕಾಶವಿದೆ ಎಂದು ಭಾವಿಸಬಾರದು.

"ಇದು ಕಡಲಿನಿಂದ ಹಿಡಿದದ್ದಲ್ಲ, ತೊಟ್ಟಿಯಲ್ಲಿ ಹುಟ್ಟಿದ್ದು" ಎಂಬ ಮಾರಾಟಗಾರರ ಮಾತು ನಿಮ್ಮನ್ನು ಕಾಪಾಡುವುದಿಲ್ಲ. ಕಾಯ್ದೆಯಲ್ಲಿ ಬಂಧಿತ ಪ್ರಾಣಿ ಎಂಬ ಪದದ ಅರ್ಥವ್ಯಾಪ್ತಿಗೆ ಬಂಧನದಲ್ಲಿ ಹುಟ್ಟಿ ಬೆಳೆದದ್ದೂ ಸೇರುತ್ತದೆ. ಉಬ್ಬಸಕ್ಕೆ ಮದ್ದೆಂದು ಕೊಡುವ ಒಣಗಿದ ಕಡಲಕುದುರೆಯೂ ಇದೇ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಶಿಕ್ಷೆ ಬರಿಯ ದಂಡದಲ್ಲಿ ಮುಗಿಯುವಂಥದ್ದಲ್ಲ, ಸೆರೆವಾಸವೂ ಉಂಟು. ಮರಿ ಕೊಟ್ಟು, ಬೆಳೆದ ಮೇಲೆ ತಾವೇ ಮರಳಿ ಕೊಳ್ಳುತ್ತೇವೆ ಎಂದು ಯಾರಾದರೂ ಮುಂಗಡ ಹಣ ಕೇಳಿದರೆ ಕೊಡಬೇಡಿ. ವಿಸ್ತರಣಾ ಕಾರ್ಯಕರ್ತರು ಇಂತಹ ಪ್ರಸ್ತಾಪ ಕಿವಿಗೆ ಬಿದ್ದಲ್ಲಿ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸತಕ್ಕದ್ದು. ತಿಳಿಯದೆ ಕೊಂಡು ತಂದವರು ಹೆದರಿ ಅದನ್ನು ಕೆರೆಗೋ ಕಲ್ಯಾಣಿಗೋ ಬಿಟ್ಟರೆ ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಅವರೂ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ.

ಕಾನೂನು ಇಲ್ಲದಿದ್ದರೂ ಇದು ಹೊಸಬರ ಮೀನಲ್ಲ. ಕಡಲಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ಕೊಳವೆಯಂತಹ ಮೂತಿಯಿಂದ ಸಣ್ಣ ಸಿಗಡಿಜಾತಿಯ ಜೀವಿಗಳನ್ನು ಹೀರಿ ನುಂಗುತ್ತದೆ. ನುಂಗಿದ್ದು ಬೇಗ ಹೊರಹೋಗುವುದರಿಂದ ದಿನಕ್ಕೆ ಹಲವು ಬಾರಿ ತಿನ್ನಲೇಬೇಕು. ಒಣ ಗುಳಿಗೆ ಆಹಾರವನ್ನು ಬಹುತೇಕ ಮುಟ್ಟುವುದಿಲ್ಲ, ಜೀವಂತ ಆಹಾರ ಬೇಕು. ಈಜುವುದರಲ್ಲಿ ದುರ್ಬಲ. ಗಂಡು ತನ್ನ ಹೊಟ್ಟೆಯ ಚೀಲದಲ್ಲಿ ಮೊಟ್ಟೆಗಳನ್ನು ಎರಡರಿಂದ ನಾಲ್ಕು ವಾರ ಹೊತ್ತು ನೂರಾರು ಮರಿಗಳನ್ನು ಹೊರಬಿಡುತ್ತದೆ ಎಂಬುದು ಕೇಳಲು ಸೊಗಸು. ಆ ಮರಿಗಳಲ್ಲಿ ಬಹುಪಾಲು ಮೊದಲ ವಾರಗಳಲ್ಲಿಯೇ ಸಾಯುತ್ತವೆ ಎಂಬುದನ್ನು ವಿಡಿಯೊಗಳು ಹೇಳುವುದಿಲ್ಲ.

ಬದಲಿಗೆ ಯಾವ ಮೀನು

ಉಪ್ಪುನೀರಿನ ತೊಟ್ಟಿಯೇ ಬೇಕೆಂಬ ಆಸೆಯಿರುವವರಿಗೆ ತಳಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನು ಸೂಕ್ತ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಇದರ ಮರಿ ಉತ್ಪಾದನೆಯ ತಂತ್ರಜ್ಞಾನವನ್ನು ರೂಪಿಸಿದೆ. ಬಂಧನದಲ್ಲಿ ಹುಟ್ಟಿದ ಕ್ಲೌನ್ ಮೀನು ಗುಳಿಗೆ ಆಹಾರ ತಿನ್ನುತ್ತದೆ, ಕಡಲ ಹೂವಿನ ಆಸರೆಯಿಲ್ಲದೆಯೂ ಬದುಕುತ್ತದೆ. ಎಲ್ಲ ಮರಿಗಳೂ ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುವುದು ಇದರ ವಿಶೇಷ. ಕೊಳ್ಳುವಾಗ ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು ಆರಿಸಿದರೆ ಸಾಕು. ತಳಿಕೇಂದ್ರದ ರಸೀದಿ ಕೇಳಿ ಪಡೆಯಿರಿ.

ತೊಟ್ಟಿಯ ಅಲಂಕಾರಕ್ಕೆ ಹವಳ ಅಥವಾ ಹವಳದ ಕಲ್ಲು ಹಾಕಬಾರದು. ದಿಬ್ಬ ಕಟ್ಟುವ ಹವಳಗಳೂ ಇದೇ ಕಾಯ್ದೆಯಡಿ ರಕ್ಷಿತ. ಸರಂಧ್ರ ಸೆರಾಮಿಕ್ ತುಂಡುಗಳು, ಕರಾವಳಿಯಲ್ಲಿ ಊಟಕ್ಕೆ ಬಳಸಿ ಉಳಿದ ಮರುವಾಯಿ ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ ತೊಳೆದು ಒಣಗಿಸಿ ಹಾಕಿದರೆ ಸೂಕ್ಷ್ಮಾಣುಗಳಿಗೆ ನೆಲೆಯಾಗುತ್ತದೆ.

ನೀರು ಮತ್ತು ಉಪ್ಪು

ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿದು ಕ್ಯಾನಿನಲ್ಲಿ ಕಡಲ ನೀರು ತುಂಬಿ ತರುವ ಯೋಚನೆ ಬೇಡ. ದಡದ ನೀರಿನಲ್ಲಿ ಕೊಳೆ, ತೈಲ, ರೋಗಾಣುಗಳಿರುತ್ತವೆ. ಮಳೆಗಾಲದಲ್ಲಿ ನದಿಗಳು ಸೇರಿ ಲವಣಾಂಶವೂ ಕುಸಿದಿರುತ್ತದೆ. ಅಕ್ವೇರಿಯಂಗೆಂದೇ ತಯಾರಾದ ಸಂಯುಕ್ತ ಕಡಲ ಉಪ್ಪನ್ನು ಬಳಸಬೇಕು. ಅಡುಗೆಯ ಉಪ್ಪು, ಜಾನುವಾರುಗಳಿಗೆ ಕೊಡುವ ಕಲ್ಲುಪ್ಪು ಬಹುಮಟ್ಟಿಗೆ ಬರಿಯ ಸೋಡಿಯಂ ಕ್ಲೋರೈಡ್. ಕಡಲ ನೀರಿನ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಅವುಗಳಲ್ಲಿ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ.

90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ತೊಟ್ಟಿಗೆ 40 ಸೆಂ.ಮೀ. ಎತ್ತರಕ್ಕೆ ನೀರು ತುಂಬಿದರೆ 144 ಲೀಟರ್. ಕಲ್ಲು, ಚಿಪ್ಪುಗಳ ಜಾಗ ಕಳೆದು 130 ಲೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 35 ಗ್ರಾಂನಂತೆ ಸುಮಾರು 4.5 ಕಿ.ಗ್ರಾಂ. ಉಪ್ಪು ಬೇಕು. ಉಪ್ಪಿನ ಚೀಲದ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಿ. ಸಾಪೇಕ್ಷ ಸಾಂದ್ರತೆ 1.023ರಿಂದ 1.025ರ ನಡುವೆ ಬರುವವರೆಗೆ ಹೈಡ್ರೋಮೀಟರಿನಲ್ಲಿ ಅಳೆದು ಸರಿಪಡಿಸಬೇಕು. ಬೇರೆ ಡ್ರಮ್ಮಿನಲ್ಲಿ ಗಾಳಿಯ ಪಂಪು ಹಾಕಿ ಒಂದು ದಿನ ಕಲಕಿದ ಮೇಲೆಯೇ ತೊಟ್ಟಿಗೆ ಸುರಿಯಿರಿ.

ಕೊಳವೆಬಾವಿಯ ಗಡಸು ನೀರು ಇದಕ್ಕೆ ಒಗ್ಗದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಟಿಡಿಎಸ್ ಮೀಟರಿನಲ್ಲಿ ಅಳೆದು, 50ಕ್ಕಿಂತ ಕಡಿಮೆಯಿದ್ದರೆ ಬಳಸಬಹುದು. ಬೇಲೂರಿನ ಕಡೆಯ ಹೆಂಚಿನ ಮನೆಗಳವರಿಗೆ ಮಳೆನೀರೂ ಒಳ್ಳೆಯದೇ. ಮೊದಲೆರಡು ಮಳೆಯ ನೀರನ್ನು ಹರಿಯಬಿಟ್ಟು ನಂತರದ್ದನ್ನು ಬಟ್ಟೆಯಲ್ಲಿ ಸೋಸಿ ಹಿಡಿಯಿರಿ. ತಗಡಿನ ಮಾಡಿನ ನೀರಿನಲ್ಲಿ ಸತು ಸೇರಿರುವುದರಿಂದ ಅದು ಬೇಡ. ದಿನವೂ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಇಲ್ಲಿ ಉಪ್ಪುನೀರು ಹಾಕಿದರೆ ಲವಣಾಂಶ ವಾರದಿಂದ ವಾರಕ್ಕೆ ಏರುತ್ತಾ ಹೋಗುತ್ತದೆ.

ತೊಟ್ಟಿ ಪಕ್ವವಾಗಲು ಬಿಡಿ

ನೀರು ತುಂಬಿದ ದಿನವೇ ಮೀನು ಬಿಡಬಾರದು. ಹೊಲದಲ್ಲಿ ಅಮೋನಿಯಂ ಗೊಬ್ಬರವು ನೈಟ್ರೇಟ್ ಆಗಿ ಬದಲಾಗುವ ಕ್ರಿಯೆ ನಿಮಗೆ ತಿಳಿದೇ ಇದೆ. ತೊಟ್ಟಿಯಲ್ಲಿಯೂ ಮೀನಿನ ಮಲದಿಂದ ಬರುವ ಅಮೋನಿಯವನ್ನು ಒಂದು ಗುಂಪಿನ ಸೂಕ್ಷ್ಮಾಣುಗಳು ನೈಟ್ರೈಟ್ ಆಗಿ, ಇನ್ನೊಂದು ಗುಂಪು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇವು ಕಲ್ಲು ಮತ್ತು ಶೋಧಕದಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಆರಂಭದಲ್ಲಿ ಸಿಗಡಿಯ ಚಿಕ್ಕ ತುಂಡೊಂದನ್ನು ಬಲೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ಕೊಳೆಯಲು ಬಿಟ್ಟರೆ ಅಮೋನಿಯ ಸಿಗುತ್ತದೆ. ಮನೆಯಲ್ಲಿದೆಯೆಂದು ಯೂರಿಯಾ ಹಾಕಬೇಡಿ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದು, ನೈಟ್ರೇಟ್ ಕಾಣಿಸಿಕೊಂಡ ಮೇಲೆ ಒಂದು ಜೋಡಿ ಮೀನು ಬಿಡಬಹುದು. ರಸಸಾರ 8.1ರಿಂದ 8.4 ಇರಲಿ. ಹೊಸಬರ ತೊಟ್ಟಿಗಳಲ್ಲಿ ಮೀನು ಸಾಯುವುದಕ್ಕೆ ರೋಗಕ್ಕಿಂತ ಈ ಆರು ವಾರಗಳ ಅವಸರವೇ ಹೆಚ್ಚಿನ ಸಲ ಕಾರಣ.

ಉಷ್ಣಾಂಶ 25ರಿಂದ 27 ಡಿಗ್ರಿ ಸೆಲ್ಸಿಯಸ್ ಬೇಕು. ಹಾಸನದ ಬಯಲಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್ ಅನಿವಾರ್ಯ. ಈ ಗಾತ್ರಕ್ಕೆ 100ರಿಂದ 150 ವ್ಯಾಟ್ ಸಾಕು. ವಿದ್ಯುತ್ ಕಡಿತವಾದಾಗ ಮೊದಲು ಕೊರತೆಯಾಗುವುದು ಆಮ್ಲಜನಕ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಮನೆಯಲ್ಲಿರಲಿ.

ರೈತರ ಮನೆಯ ತೊಟ್ಟಿಗೆ ಪಟ್ಟಣದ ಮನೆಗಳಲ್ಲಿಲ್ಲದ ಅಪಾಯವೊಂದಿದೆ. ಅಡಿಕೆಗೆ ಬೋರ್ಡೋ ದ್ರಾವಣ, ಆಲೂಗಡ್ಡೆಗೆ ಶಿಲೀಂಧ್ರನಾಶಕ ಸಿಂಪಡಿಸಿ ಬಂದ ಕೈಯನ್ನು ನೀರಿಗೆ ಅದ್ದಬಾರದು. ಮೈಲುತುತ್ತದ ತಾಮ್ರವು ಸಿಗಡಿ, ಶಂಖದಂತಹ ಜೀವಿಗಳಿಗೆ ಅಲ್ಪ ಪ್ರಮಾಣದಲ್ಲಿಯೂ ವಿಷ. ಪೈರೆಥ್ರಾಯ್ಡ್ ಕೀಟನಾಶಕಗಳು ಮೀನುಗಳಿಗೆ ಮಾರಕ. ಔಷಧಿ ಕಲಸಿದ ಬಕೆಟ್ಟು, ಹಿತ್ತಾಳೆ, ತಾಮ್ರದ ಪಾತ್ರೆ ಯಾವುದನ್ನೂ ಬಳಸಬೇಡಿ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಯ ಬತ್ತಿಯೂ ಬೇಡ.

ತೆಗೆದ ಉಪ್ಪುನೀರನ್ನು ಎಲ್ಲಿ ಚೆಲ್ಲುವುದು

ಅಕ್ವೇರಿಯಂ ಕುರಿತ ಪುಸ್ತಕಗಳು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಎತ್ತುವುದಿಲ್ಲ, ಅವು ಚರಂಡಿಯಿರುವ ನಗರದವರಿಗಾಗಿ ಬರೆದವು. ಹೊಲ, ಬಾವಿ ಇರುವವರಿಗೆ ಇದು ಮೀನಿಗಿಂತ ದೊಡ್ಡ ವಿಷಯ. ಹದಿನೈದು ದಿನಕ್ಕೊಮ್ಮೆ 20 ಲೀಟರ್ ನೀರು ಬದಲಿಸಿದರೆ ಪ್ರತಿ ಸಲ 700 ಗ್ರಾಂ, ವರ್ಷಕ್ಕೆ ಸುಮಾರು 18 ಕಿ.ಗ್ರಾಂ. ಉಪ್ಪು ಹೊರಬರುತ್ತದೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಆ ಮಣ್ಣನ್ನು ಚೌಳು ಎನ್ನುತ್ತೇವೆ. ಕಡಲ ನೀರಿನ ವಾಹಕತೆ 50ಕ್ಕೂ ಹೆಚ್ಚು. ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಕೆಲವೆಡೆ ಇದೆಯೆಂದು ಈ ನೀರನ್ನು ಒಂದೇ ಮರದ ಪಾತಿಗೆ ಸುರಿಯುತ್ತಾ ಹೋಗಬಾರದು. ಬಾವಿಯ ಬಳಿ, ತಿಪ್ಪೆಗೆ, ಕೆರೆಯ ಕಾಲುವೆಗೆ ಸಲ್ಲದು. ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿಯಂತಹ ನಿಂತ ನೀರಿಗಂತೂ ಮೀನನ್ನಾಗಲಿ ತೊಟ್ಟಿಯ ನೀರನ್ನಾಗಲಿ ಬಿಡಲೇಬಾರದು. ಹೊರಹರಿವಿಲ್ಲದ ಕಡೆ ಸೇರಿದ ಉಪ್ಪು ಅಲ್ಲಿಯೇ ಉಳಿಯುತ್ತದೆ.

2 ಮೀಟರ್ ಉದ್ದ, 1 ಮೀಟರ್ ಅಗಲದ ತಗ್ಗಿಗೆ ದಪ್ಪ ಟಾರ್ಪಾಲು ಹಾಸಿ ಅದರಲ್ಲಿ 20 ಲೀಟರ್ ಸುರಿದರೆ ನೀರು 1 ಸೆಂ.ಮೀ. ಮಾತ್ರ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಒಣಗುತ್ತದೆ. ಉಳಿದ ಉಪ್ಪನ್ನು ಗುಡಿಸಿ ಗ್ರಾಮ ಪಂಚಾಯಿತಿಯ ಒಣಕಸಕ್ಕೆ ಕೊಡಿ. ದನಕರುಗಳು ನೆಕ್ಕದಂತೆ ಬೇಲಿ ಹಾಕಿ. ಮಳೆಗಾಲದಲ್ಲಿ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಕೂಡಿಟ್ಟು ಬಿಸಿಲು ಬಂದ ಮೇಲೆ ಒಣಗಿಸಿ. ಇಷ್ಟು ಮಾಡಲು ಜಾಗ, ತಾಳ್ಮೆ ಇಲ್ಲದವರು ಉಪ್ಪುನೀರಿನ ತೊಟ್ಟಿಯನ್ನು ಇಡದಿರುವುದೇ ಲೇಸು.

ಆದಾಯದ ಮಾತು

ಕ್ಲೌನ್ ಮೀನಿನ ತೊಟ್ಟಿಯನ್ನು ಹವ್ಯಾಸವೆಂದೇ ತಿಳಿಯಿರಿ. ಅದಕ್ಕಾಗಿ ಸಾಲ ಮಾಡುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಅಲಂಕಾರಿಕ ಮೀನಿನಿಂದ ಆದಾಯ ಬಯಸುವ ಒಳನಾಡಿನ ರೈತರಿಗೆ ಗಪ್ಪಿ, ಮೋಲಿ, ಪ್ಲಾಟಿ, ಗೋಲ್ಡ್ ಫಿಶ್, ಕೋಯಿ ಕಾರ್ಪ್ ಮುಂತಾದ ಸಿಹಿನೀರಿನ ಮೀನುಗಳೇ ಸರಿ. ಅವುಗಳ ತೊಟ್ಟಿಯ ನೀರನ್ನು ತರಕಾರಿ ಮಡಿಗಳಿಗೆ ಧಾರಾಳವಾಗಿ ಹಾಯಿಸಬಹುದು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ಗೊತ್ತುಮಾಡಲಾಗಿತ್ತು. ಈಗ ಅರ್ಜಿ ಸ್ವೀಕರಿಸಲಾಗುತ್ತಿದೆಯೇ ಎಂಬುದನ್ನು ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ನೀರಿನ ವಾಹಕತೆ ಮತ್ತು ಮಣ್ಣಿನ ಪರೀಕ್ಷೆಗೆ ಹಾಸನ ಸಮೀಪದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಮೀನು ಸಾಕಣೆಯ ತಾಂತ್ರಿಕ ಸಂದೇಹಗಳಿಗೆ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.