ದೃಷ್ಟಿ ಕುಂದಿದರೆ ನೌಕರಿ ಬಿಡಬೇಕೇ?

ಗ್ಲಾಕೋಮಾದಿಂದಲೋ ಮಧುಮೇಹದಿಂದಲೋ ಕಣ್ಣು ಮಂಜಾದವರಿಗೆ ಮನೆಯವರು ಅಕ್ಕರೆಯಿಂದಲೇ ಹೇಳುವ ಮಾತು: "ಸಾಕು, ಕೆಲಸ ಬಿಟ್ಟುಬಿಡಿ." ರಾಜೀನಾಮೆಗೆ ಸಹಿ ಹಾಕುವ ಮೊದಲು ಇದನ್ನು ಓದಿ. ಓದಲು ಆಗದಿದ್ದರೆ ಮನೆಯವರು ಓದಿ ಹೇಳಿ.

ಸರ್ಕಾರಿ ನೌಕರರಿಗೆ ಕಾನೂನಿನ ಆಸರೆ ಇದೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 20ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಹಳೆಯ ಹುದ್ದೆ ನಿಭಾಯಿಸಲು ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದು ಸಿಗದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ, ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ನೀವಾಗಿಯೇ ರಾಜೀನಾಮೆ ಕೊಟ್ಟ ಮೇಲೆ ಇದನ್ನು ಕೇಳುವುದು ಬಹಳ ಕಷ್ಟ. ಖಾಸಗಿ ನೌಕರರಿಗೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ. ಆದರೂ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕೆಂದು 21ನೇ ಕಲಂ ಹೇಳುತ್ತದೆ. ಅದರ ಪ್ರತಿ ಕೇಳಿ.

ಕಾಣದೆ ಕೆಲಸ ಮಾಡುವುದು ಹೇಗೆ? ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಮೌಸ್ ಬೇಡ, ಕೀಲಿಮಣೆಯೇ ಸಾಕು. ಒಂದು ಕಾಲಕ್ಕೆ ಇದು ದುಬಾರಿ ವಸ್ತು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎ ಆರಂಭಿಸಿದರು. ಅದು ಇಂದಿಗೂ ಉಚಿತ, ಕನ್ನಡವನ್ನೂ ಓದುತ್ತದೆ. ಧ್ವನಿ ಯಾಂತ್ರಿಕ, ಮೊದಲ ವಾರ ತಲೆನೋವು ಬರಿಸುತ್ತದೆ, ಕಿವಿ ಒಗ್ಗಿಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೇ ಕೆಲಸ ಮಾಡುತ್ತದೆ.

ಏಮ್ಸ್ ಚಿಕಿತ್ಸೆಗೆಂದು ದೆಹಲಿಗೆ ಬಂದು ಮುನಿರ್ಕಾದಲ್ಲಿ ಕೋಣೆ ಹಿಡಿದಿದ್ದೀರಾ? ಪಕ್ಕದಲ್ಲೇ, ಆರ್.ಕೆ. ಪುರಂ 5ನೇ ಸೆಕ್ಟರ್‌ನಲ್ಲಿ, ರಾಷ್ಟ್ರೀಯ ಅಂಧರ ಸಂಘದ ದೆಹಲಿ ಶಾಖೆಯಿದೆ. ತರಬೇತಿಯ ಬಗ್ಗೆ ಅಲ್ಲಿ ವಿಚಾರಿಸಿ. ಊರಿಗೆ ಮರಳಿದ ಮೇಲೆ ಬೆಂಗಳೂರಿನಲ್ಲಿ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾ ಇವೆ. ಚಿಕಿತ್ಸೆ ಮುಗಿಯಲಿ ಎಂದು ಕಾಯಬೇಡಿ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಹಾಗೆಂದು ಹನಿಮದ್ದು ನಿಲ್ಲಿಸಲೂಬೇಡಿ. ಔಷಧ ಕೌಂಟರ್‌ನಲ್ಲಿ ನಿಂತವಳಾಗಿ ಇದನ್ನು ಒತ್ತಿ ಹೇಳುತ್ತೇನೆ: ಉಳಿದ ದೃಷ್ಟಿಯನ್ನು ಕಾಯುವುದು ಅದೇ.

ಕಚೇರಿಯಲ್ಲಿ ಒಂದು ತೊಡಕು ಖಂಡಿತ ಎದುರಾಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕನ್ನಡ ಕಡತವನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಓದುತ್ತದೆ. ಸ್ಕ್ಯಾನ್ ಮಾಡಿದ ಆದೇಶವಂತೂ ಅದಕ್ಕೆ ಬರೀ ಚಿತ್ರ. ಆದ್ದರಿಂದ ಕಡತಗಳನ್ನು ಯೂನಿಕೋಡ್‌ನಲ್ಲಿ ಕೊಡುವಂತೆ ಮೇಲಧಿಕಾರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.