ಎಡಪಕ್ಕೆಯ ಸಾಕ್ಷಿ

1990ರಿಂದೀಚೆ ಮಂಗಳೂರಿನಲ್ಲಿ ಕಟ್ಟಡ ಎದ್ದಂತೆಲ್ಲ ಮಲೇರಿಯವೂ ಎದ್ದಿತು. ಅತ್ತಾವರದ ಸಣ್ಣ ಲ್ಯಾಬೊಂದರಲ್ಲಿ ನನಗೆ ಬೆಳಗಿನಿಂದ ಸಂಜೆವರೆಗೆ ಸ್ಲೈಡ್ ನೋಡುವುದೇ ಕೆಲಸ. ಆಟಿ ತಿಂಗಳಲ್ಲಿ ರಕ್ತದ ದಪ್ಪ ಲೇಪ ಒಣಗುವುದೇ ಇಲ್ಲ ಮಾರಾಯ್ರೆ. ಅವಸರದಲ್ಲಿ ಬಣ್ಣಕ್ಕೆ ಅದ್ದಿದರೆ ಗಾಜು ಬಿಟ್ಟು ತೇಲಿಹೋಗುತ್ತದೆ. ಒಮ್ಮೆ ಹಾಗೆ ಮೂರು ಸ್ಲೈಡ್ ಹಾಳುಮಾಡಿ, ಕೂಲಿ ಕೆಲಸದವರನ್ನು ಮಳೆಯಲ್ಲಿ ಮತ್ತೆ ಕರೆಸಿ ಬೆರಳು ಚುಚ್ಚಿದೆ. ಬಾಗಲಕೋಟೆ ಕಡೆಯ ಹುಡುಗನೊಬ್ಬ ಎಡಪಕ್ಕೆಯ ಕೆಳಗೆ ಕೈಯಿಟ್ಟು, "ಇಲ್ಲಿ ಗಟ್ಟಿ ಆಗೇತ್ರಿ ಅಕ್ಕಾರ" ಎಂದ. ಗುಲ್ಮ ಬಾತಿತ್ತು.

ಇಲಿಗಳ ರಕ್ತಕ್ಯಾನ್ಸರಿನ ಚರಿತ್ರೆ ಓದುವಾಗ ಆ ಕೈ ನೆನಪಾಗುತ್ತದೆ. ಅಲ್ಲೂ ದೊಡ್ಡ ಸಾಕ್ಷಿ ಗುಲ್ಮವೇ.

ಈ ರೋಗ ವೈರಸ್ಸಿನಿಂದ ಬರುತ್ತದೆಂದು 1951ರಲ್ಲಿ ವಿಜ್ಞಾನಿ ಲುಡ್ವಿಕ್ ಗ್ರಾಸ್ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. ಗ್ರಾಸ್ ಅದನ್ನು ಚುಚ್ಚಿದ್ದು ಆಗಷ್ಟೇ ಹುಟ್ಟಿದ ಮರಿಗಳಿಗೆ. ಬೆಳೆದ ಇಲಿಗೂ ಬರುತ್ತದೆ ಎಂದು ನ್ಯೂಯಾರ್ಕಿನ ಷಾರ್ಲಟ್ ಫ್ರೆಂಡ್ 1956ರಲ್ಲಿ ಹೇಳಿದರೆ ಸಭೆಯಲ್ಲಿ ಗೇಲಿ! ಮರುವರ್ಷ ಅವರ ಪ್ರಬಂಧ ಅಚ್ಚಾಯಿತು. ಅವರ ವೈರಸ್ ತಗಲಿದ ಇಲಿಯಲ್ಲಿ ಗ್ರಾಮಿನ ಹತ್ತನೇ ಒಂದರಷ್ಟಿದ್ದ ಗುಲ್ಮ ಕೆಲವೇ ವಾರಗಳಲ್ಲಿ 1 ಗ್ರಾಂ ದಾಟುತ್ತದೆ.

ಗುಲ್ಮವೇ ಯಾಕೆ? ಹುಟ್ಟಿದ ಮೇಲೆ ನಮ್ಮ ರಕ್ತದ ಅಡುಗೆಮನೆ ಮೂಳೆಮಜ್ಜೆ ಒಂದೇ. ಇಲಿಗೆ ಗುಲ್ಮದಲ್ಲೂ ಸಾಯುವ ತನಕ ಒಲೆ ಉರಿಯುತ್ತದೆ. ಟೊರೊಂಟೊದಲ್ಲಿ ಟಿಲ್ ಮತ್ತು ಮೆಕಲಾಕ್ ಎಂಬ ವಿಜ್ಞಾನಿಗಳು ವಿಕಿರಣದಿಂದ ಇಲಿಗಳ ಮಜ್ಜೆ ಸುಟ್ಟು, ಬೇರೆ ಇಲಿಯ ಮಜ್ಜೆ ಕೊಟ್ಟರು. ಹತ್ತು ದಿನ ಕಳೆದು ನೋಡಿದರೆ ಗುಲ್ಮದ ಮೇಲೆ ಗಂಟುಗಳು. 1961ರಲ್ಲಿ ಅವನ್ನು ಎಣಿಸಿಯೇ ಅವರು ರಕ್ತದ ಕಣಗಳೆಲ್ಲ ಹುಟ್ಟುವ ಆಕರಕೋಶದ ಲೆಕ್ಕ ಹಿಡಿದದ್ದು. ಒಂದೊಂದು ಗಂಟೂ ಒಂದೇ ಕೋಶದ ಸಂತಾನ. ಎಣಿಕೆಯಲ್ಲೇ ಆಯುಸ್ಸು ಕಳೆದ ನನಗೆ ಇದಕ್ಕಿಂತ ಚಂದದ ಪ್ರಯೋಗ ಗೊತ್ತಿಲ್ಲ.

ಫ್ರೆಂಡ್ ವೈರಸ್ ಕೆಡಿಸುವುದು ಮುಖ್ಯವಾಗಿ ಆಕರಕೋಶದ ಮಕ್ಕಳನ್ನು, ಕೆಂಪುಕಣವಾಗಲು ಹೊರಟ ಎಳೆಯ ಕೋಶಗಳನ್ನು. ಅವು ಬೆಳೆಯಲು ಎರಿತ್ರೊಪೊಯಿಟಿನ್ ಹಾರ್ಮೋನಿನ ಅಪ್ಪಣೆ ಬೇಕು. ವೈರಸ್ಸಿನ ಒಂದು ಪ್ರೋಟೀನ್ ಆ ಅಪ್ಪಣೆ ಕೇಳುವ ಕಿವಿಗೇ ಅಂಟಿಕೊಳ್ಳುತ್ತದೆ. ಮತ್ತೆ ಕೋಶ ಒಡೆದು ಎರಡಾಗುವುದಕ್ಕೆ ತಡೆಯೇ ಇಲ್ಲ.

1971ರಲ್ಲಿ ಫ್ರೆಂಡ್ ಆ ಕೆಟ್ಟ ಕೋಶಗಳಿಗೇ ಡಿಎಂಎಸ್‌ಒ ಎಂಬ ದ್ರಾವಕ ಹಾಕಿ ನೋಡಿದರು. ಅವು ಹಿಮೋಗ್ಲೋಬಿನ್ ಮಾಡತೊಡಗಿದವು. ಕೊಳವೆಯ ತಳದಲ್ಲಿ ಕೂತ ಕೋಶಗಳು ಕೆಂಪಗಿದ್ದವು. ನೋಡಲು ಮೈಕ್ರೋಸ್ಕೋಪೂ ಬೇಕಿರಲಿಲ್ಲ.